ಕಣ್ಣಿನ ರಕ್ಷಣೆ: ಲೆನ್ಸಿನಷ್ಟೇ ಸಂದನ್ನೂ ನೋಡಿ

ಗ್ರೈಂಡಿಂಗ್ ಮಾಡುವಾಗ ಕಣ್ಣಿಗೆ ಚೂರು ಹೊಕ್ಕಾಗ ಬಹಳ ಸಲ ಲೆನ್ಸ್ ಒಡೆದೇ ಇರುವುದಿಲ್ಲ. ಹುಬ್ಬಿನ ಮೇಲಿಂದಲೋ ಕೆನ್ನೆಯ ಪಕ್ಕದಿಂದಲೋ ಅದು ನುಸುಳಿರುತ್ತದೆ. ಆದ್ದರಿಂದ ಅಪಾಯ ಯಾವ ರೂಪದಲ್ಲಿ, ಯಾವ ಕಡೆಯಿಂದ ಬರುತ್ತದೆ ಎಂದು ಮೊದಲು ನೋಡಿಕೊಂಡು ಆಮೇಲೆ ಕನ್ನಡಕ ಆರಿಸಬೇಕು.

ಕಣ್ಣಿನ ರಕ್ಷಣೆಯ ಯುರೋಪಿಯನ್ ಮಾನದಂಡವಾದ ಇಎನ್ 166ರ ಗುರುತು ಇದ್ದರೆ ಅದರ ಜೊತೆಗಿನ ಅಕ್ಷರ ಓದಿ. 6 ಮಿ.ಮೀ. ಉಕ್ಕಿನ ಗುಂಡನ್ನು ಎಫ್ ಎಂದರೆ ಸೆಕೆಂಡಿಗೆ 45 ಮೀಟರ್, ಬಿ ಎಂದರೆ 120, ಎ ಎಂದರೆ 190 ಮೀಟರ್ ವೇಗದಲ್ಲಿ ತಡೆಯುತ್ತದೆ. ಸಾದಾ ಸೇಫ್ಟಿ ಕನ್ನಡಕಕ್ಕೆ ಎಫ್ ದಾಟಿದ ಗುರುತು ಸಿಗುವುದಿಲ್ಲ. ಬಿ ಬೇಕಾದರೆ ಗಾಗಲ್, ಎ ಬೇಕಾದರೆ ಫೇಸ್ ಶೀಲ್ಡ್. ಲೆನ್ಸ್ ಮೇಲೆ ಬಿ, ಫ್ರೇಮ್ ಮೇಲೆ ಎಫ್ ಇದ್ದರೆ ಲೆಕ್ಕಕ್ಕೆ ಬರುವುದು ಎಫ್ ಮಾತ್ರ. ಲೆನ್ಸ್ ಬದಲಾಯಿಸುವಾಗ ಇದನ್ನು ಮರೆಯುವವರೇ ಹೆಚ್ಚು. ಫ್ರೇಮ್ ಮೇಲಿನ ಅಂಕಿಗಳಲ್ಲಿ 3 ದ್ರವಕ್ಕೆ, 4 ದಪ್ಪ ಧೂಳಿಗೆ, 5 ಅನಿಲ ಮತ್ತು ನುಣುಪು ಧೂಳಿಗೆ, 9 ಕರಗಿದ ಲೋಹಕ್ಕೆ.

ಆಸಿಡ್, ಕಾಸ್ಟಿಕ್ ಕೆಲಸಕ್ಕೆ ನೇರ ತೂತುಗಳಿರುವ ಗಾಗಲ್ ಬೇಡವೇ ಬೇಡ. ಗಾಳಿ ತಿರುಗಿ ಒಳಬರುವಂತೆ ಮುಚ್ಚಳವಿರುವ ವೆಂಟ್ ಇರಬೇಕು. ಫೇಸ್ ಶೀಲ್ಡ್ ಒಂದನ್ನೇ ನಂಬಬೇಡಿ: ಸಿಡಿದ ಹನಿ ಗಲ್ಲದ ಕೆಳಗಿಂದ ಮೇಲೆ ಬರುತ್ತದೆ. ಒಳಗೆ ಗಾಗಲ್ ಇರಲೇಬೇಕು.

ವೆಲ್ಡಿಂಗ್‌ಗೆ ಬೇಕಾದ ಶೇಡ್, ಅಂದರೆ ಗಾಜು ಎಷ್ಟು ಕಪ್ಪಗಿರಬೇಕೆಂಬ ಸಂಖ್ಯೆ, ಕರೆಂಟಿನ ಮೇಲೆ ನಿಂತಿದೆ. ಸ್ಟಿಕ್ ವೆಲ್ಡಿಂಗ್‌ನಲ್ಲಿ 60ರಿಂದ 160 ಆಂಪಿಯರ್‌ಗೆ 10, 160ರಿಂದ 250ಕ್ಕೆ 12 ಹೊಂದುತ್ತದೆ. ಹೆಲ್ಮೆಟ್ ಎತ್ತಿ ಸ್ಲ್ಯಾಗ್ (ಬೆಸುಗೆಯ ಮೇಲೆ ಗಟ್ಟಿಯಾಗುವ ಪೊರೆ) ಕುಟ್ಟುವಾಗ ಕಣ್ಣು ಬರಿದಾಗುವುದರಿಂದ ಹೆಲ್ಮೆಟ್ಟಿನೊಳಗೆ ಸೇಫ್ಟಿ ಕನ್ನಡಕವೂ ಇರಲಿ. ಲೇಸರ್ ಬೇರೆಯದೇ ವಿಷಯ: 1064 ನ್ಯಾನೋಮೀಟರ್ ತರಂಗಾಂತರದ ಲೇಸರಿಗೆಂದು ಮಾಡಿದ ಕನ್ನಡಕ 532ರ ಹಸಿರು ಲೇಸರನ್ನು ತಡೆಯುತ್ತದೆಂದು ಭಾವಿಸಬೇಡಿ.

ಕನ್ನಡಕ ಹಣೆಗೇರಲು ಮುಖ್ಯ ಕಾರಣ ಲೆನ್ಸಿಗೆ ಕಟ್ಟುವ ಆವಿ. ಬೈದರೆ ಆವಿ ಹೋಗುವುದಿಲ್ಲ, ಆಂಟಿ ಫಾಗ್ ಲೇಪನದ ಲೆನ್ಸ್ ಕೊಡಿಸಿ. ಒಣ ಬಟ್ಟೆಯಿಂದ ತಿಕ್ಕಿದರೆ ಆ ಲೇಪನವೇ ಕಿತ್ತುಬರುತ್ತದೆ. ಮೊದಲು ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಥಿನ್ನರ್, ಅಸಿಟೋನ್ ತಾಗಿದರೆ ಲೆನ್ಸಿನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಒಳಗೇ ಬಿರಿಯುತ್ತದೆ. ಬೆಳಕಿಗೆ ಹಿಡಿದು ಮೂಗಿನ ಹತ್ತಿರ, ಅಂಚಿನಲ್ಲಿ ನೋಡಿ. ಕೂದಲೆಳೆಯಂಥ ಗೆರೆ ಕಂಡರೆ ಅದು ಕಸದ ಬುಟ್ಟಿಗೆ.

ಪವರ್ ಕನ್ನಡಕ ಹಾಕುವವರಿಗೆ ಅದರ ಮೇಲೆ ಕೂರುವ ಗಾಗಲ್ ಅಥವಾ ಪವರ್ ಇರುವ ಸೇಫ್ಟಿ ಲೆನ್ಸ್ ಕೊಡಿ. ಹಾಕಿಸಿ, ತಲೆ ಬಗ್ಗಿಸಿ ಅಲ್ಲಾಡಿಸಲು ಹೇಳಿ. ಜಾರಿದರೆ ಬೇರೆ ಸೈಜ್ ತರಿಸಿ.