ಹೈ-ಹ್ಯಾಟ್ ಕೊನೆಗೂ ಕೂತಿತು: 'ಕಂಡೆನ್ಸೇಟ್' ಡ್ರಮ್ ಪೆಟ್ಟಿಗೆ, ಇಲ್ಲಿಯವರೆಗೆ

ಹಳೆಯ ಡ್ರಮ್ ಯಂತ್ರವೊಂದರ ಸದ್ದು ತರಲು ನಾನು ಕಟ್ಟುತ್ತಿರುವ ಪೆಟ್ಟಿಗೆಯಲ್ಲಿ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಸರಿಹೋಯಿತು! ಬೋರ್ಡು, ಬಟನ್ನು, ಪವರ್ ಸಪ್ಲೈ ಕಥೆ ಮತ್ತೆ ಹೇಳುವುದಿಲ್ಲ. ನೀವೆಲ್ಲ ಅದನ್ನು ಮಾಡಿದವರೇ. ಕಿಕ್, ಸ್ನೇರ್ ಡ್ರಮ್ಮುಗಳು, ಚಪ್ಪಾಳೆ, ಈ ಮೂರು ಸದ್ದೂ ತಕರಾರಿಲ್ಲದೆ ಬಂದವು. ಸತಾಯಿಸಿದ್ದೆಲ್ಲ ಹೈ-ಹ್ಯಾಟ್ ಒಂದೇ.

ಈ ಪೆಟ್ಟಿಗೆ ಯಾಕೆ ಅಂತ ಕೇಳುವವರು ಇನ್ನೂ ಇದ್ದಾರೆ. ಮಿನಿಯಾಪೊಲಿಸ್‌ನ 'ದ ಟೈಮ್' ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 1981ರಲ್ಲಿ. ಅದರಲ್ಲಿ ಹೆಚ್ಚುಕಡಿಮೆ ಎಲ್ಲ ವಾದ್ಯಗಳನ್ನೂ ನುಡಿಸಿದವರು ಗಾಯಕ ಪ್ರಿನ್ಸ್. ಬ್ಯಾಂಡಿನವರು ಎಂಥ ವಾದ್ಯಗಾರರು ಅನ್ನುವುದು ವೇದಿಕೆಯಲ್ಲಿ ನೋಡಿದವರಿಗೆ ಮಾತ್ರ ಗೊತ್ತಿತ್ತು. 2011ರ ಅಕ್ಟೋಬರಿನಲ್ಲಿ ಏಳೂ ಜನ ಮತ್ತೆ ಸೇರಿ 'ಕಂಡೆನ್ಸೇಟ್' ಆಲ್ಬಂ ತಂದರು. ಮಾರಿಸ್ ಡೇ, ಜೆಸ್ಸಿ ಜಾನ್ಸನ್, ಜಿಮ್ಮಿ ಜ್ಯಾಮ್, ಟೆರಿ ಲೂಯಿಸ್, ಮಾಂಟಿ ಮುವಾರ್, ಜೆಲ್ಲಿಬೀನ್ ಜಾನ್ಸನ್, ಜೆರೋಮ್ ಬೆಂಟನ್. ಆದರೆ ಹಳೆಯ ಹೆಸರಿನ ಹಕ್ಕು ಪ್ರಿನ್ಸ್ ಕೈಯಲ್ಲಿತ್ತು. ಹಾಗಾಗಿ ರಟ್ಟಿನ ಮೇಲೆ 'ದಿ ಒರಿಜಿನಲ್ ಸೆವೆನ್' ಅಂತ ಬಂತು. ಅಂಗಡಿಯಲ್ಲಿ 'ದ ಟೈಮ್' ಅಂತ ಹುಡುಕಿದವರಿಗೆ ಅದು ಸಿಗುವುದಾದರೂ ಹೇಗೆ? ಜೆಸ್ಸಿಯ ಗಿಟಾರ್ ಕೇಳಿ, ಟೆರಿಯ ಬೇಸ್ ಕೇಳಿ. ಇದು ಅವರದೇ ಕೈ. 1990ರ ಅವರ 'ಪ್ಯಾಂಡಿಮೋನಿಯಂ' ಆಲ್ಬಂ ಆದ ಮೇಲೆ 21 ವರ್ಷ ಕಾದದ್ದಕ್ಕೆ ನನಗೆ ಸಿಕ್ಕಿದ್ದು ಇದು. ನಮ್ಮಂಥವರು ಇದನ್ನು ಇಷ್ಟು ಹಚ್ಚಿಕೊಂಡಿರುವುದು ಸುಮ್ನೆ ಅಲ್ಲ.

ನನ್ನ ಆಸೆ ಇಷ್ಟೇ. ಇದೇ ಹಾಡುಗಳನ್ನು ಈ ಏಳು ಜನ 1982ರಲ್ಲಿ ನುಡಿಸಿದ್ದರೆ ಹೇಗಿರುತ್ತಿತ್ತು? ಅದಕ್ಕೆ ಆ ಕಾಲದ ಡ್ರಮ್ ಬೇಕು, ಅಂದರೆ ಲಿನ್ ಎಲ್‌ಎಂ-1. ರೋಜರ್ ಲಿನ್ 1980ರಲ್ಲಿ ತಂದ ಯಂತ್ರ. ತಯಾರಾದದ್ದು ಸುಮಾರು 500 ಮಾತ್ರ, ಆಗಲೇ ಬೆಲೆ 5,000 ಡಾಲರ್ ಹತ್ತಿರ. ಕೊಳ್ಳುವ ಮಾತಿಲ್ಲ, ಕಟ್ಟಬೇಕು.

ಮೊದಲ ರಗಳೆ ಚಿಪ್‌ನದು. ಎಲ್‌ಎಂ-1ರಲ್ಲಿ ಇದ್ದದ್ದು ಎಎಂ6070 ಡಿಎಸಿ, ಅಂದರೆ ಅಂಕಿಗಳನ್ನು ಸದ್ದಾಗಿಸುವ ಚಿಪ್. ಎಂಟೇ ಬಿಟ್. ಆದರೆ ಸಣ್ಣ ಸದ್ದಿಗೆ ಸಣ್ಣ ಮೆಟ್ಟಿಲು, ದೊಡ್ಡ ಸದ್ದಿಗೆ ದೊಡ್ಡ ಮೆಟ್ಟಿಲು. ಆ ಒರಟು ಚೆಲುವು ಬರುವುದು ಅಲ್ಲಿಂದಲೇ. ಇದರ ತಯಾರಿ ನಿಂತು ಎಷ್ಟೋ ಕಾಲ ಆಯಿತು. ಒಬ್ಬ ಮಾರಾಟಗಾರ 'ಹೊಸ ಹಳೇ ಸ್ಟಾಕ್', ಅಂದರೆ ಬಳಸದೆ ಉಳಿದ ಹಳೇ ಚಿಪ್ ಅಂತ ಕಳಿಸಿದ. ಹತ್ತಿಗೆ ಅಸಿಟೋನ್ ಹಾಕಿ ಉಜ್ಜಿದರೆ ಮೇಲಿನ ಅಕ್ಷರವೇ ಹೋಯಿತು, ಕೆಳಗೆ ಬೇರೆ ನಂಬರು! ಫೋನ್ ಮಾಡಿದರೆ "ಎಲ್ಲಾ ಒಂದೇ ಸರ್" ಅಂದ. ಒಂದೇ ಅಂತೆ! ದಯವಿಟ್ಟು ಹಳೇ ಚಿಪ್ ಬಂದ ತಕ್ಷಣ ಉಜ್ಜಿ ನೋಡಿ. ನಾನು ಆ ದಾರಿ ಬಿಟ್ಟು, 256 ಸಾಲಿನ ಪಟ್ಟಿಯೊಂದನ್ನು ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಒಳಗೆ ಹಾಕಿ, ಆ ಮೆಟ್ಟಿಲುಗಳನ್ನು ಕೋಡಿನಲ್ಲೇ ತಂದೆ. ಸದ್ದು ಚೆನ್ನಾಗಿದೆ.

ಆದರೂ ಹೈ-ಹ್ಯಾಟ್ ಹೊಲಿಗೆ ಮಿಷನ್ನಿನ ಹಾಗೆ ಬಡಿಯುತ್ತಿತ್ತು. ಪ್ರತಿ ಹೊಡೆತವೂ ಪಡಿಯಚ್ಚು. 1982ರ ದ ಟೈಮ್ ಹಾಡು '777-9311' ಹಾಕಿ ಕೇಳಿ, ಅಲ್ಲಿ ಹೈ-ಹ್ಯಾಟ್ ಮಾತಾಡುತ್ತದೆ. ಗುಟ್ಟು ಇದು: ಎಲ್‌ಎಂ-1ರಲ್ಲಿ ಹೈ-ಹ್ಯಾಟಿನ ರೆಕಾರ್ಡಿಂಗ್ ಪ್ರತಿ ಹೊಡೆತಕ್ಕೂ ಮೊದಲಿಂದ ಶುರುವಾಗುವುದಿಲ್ಲ. ಅದು ಒಳಗೆ ಸುತ್ತುತ್ತಲೇ ಇರುತ್ತದೆ. ಹೊಡೆತ ಬಿದ್ದಾಗ ಬಾಗಿಲು ಮಾತ್ರ ತೆರೆಯುತ್ತದೆ. ಆ ಕ್ಷಣಕ್ಕೆ ಯಾವ ಜಾಗ ಸಿಕ್ಕಿತೋ ಅದೇ ಸದ್ದು.

ನಾನೂ ಹಾಗೇ ಸುತ್ತಲು ಬಿಟ್ಟೆ. ನಿಮಿಷಕ್ಕೆ 120 ಬೀಟ್ ವೇಗದಲ್ಲಿ ಮತ್ತೆ ಅದೇ ಪಡಿಯಚ್ಚು! ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಸೆಕೆಂಡಿಗೆ 28,000 ಸ್ಯಾಂಪಲ್ (ಸದ್ದಿನ ಒಂದೊಂದು ಅಳತೆ), ಒಂದು ಬೀಟಿಗೆ ನಾಲ್ಕು ಹೊಡೆತ ಅಂದರೆ ಹೊಡೆತದಿಂದ ಹೊಡೆತಕ್ಕೆ 3,500 ಸ್ಯಾಂಪಲ್. ಲೂಪ್, ಅಂದರೆ ಸುತ್ತುವ ಆ ರೆಕಾರ್ಡಿಂಗ್, ಇದ್ದದ್ದು 14,000. ನಾಲ್ಕು ಹೊಡೆತಕ್ಕೆ ಸರಿಯಾಗಿ ಒಂದು ಸುತ್ತು. ಸರಿ, ಲೂಪನ್ನು 13,999 ಮಾಡಿದರೆ? ಅದು ಅವಿಭಾಜ್ಯ ಸಂಖ್ಯೆ, ಇನ್ನು ಕೂಡಿಕೊಳ್ಳಲಾರದು ಅನಿಸುತ್ತದೆ ಅಲ್ವಾ? ಊಹೂಂ. ನಾಲ್ಕು ಹೊಡೆತಕ್ಕೆ ಒಂದೇ ಒಂದು ಸ್ಯಾಂಪಲ್ ಜರುಗುತ್ತದೆ, ಕಿವಿಗೆ ಅದು ಏನೇನೂ ಅಲ್ಲ. ಲೂಪ್ ಉದ್ದ ಎಷ್ಟೇ ಇಡಿ, ಅದಕ್ಕೆ ಗಂಟು ಬೀಳುವ ಒಂದು ವೇಗ ಎಲ್ಲೋ ಇದ್ದೇ ಇರುತ್ತದೆ. ತಾಳಕ್ಕೂ ಸ್ಯಾಂಪಲ್ಲಿಗೂ ಒಂದೇ ಗಡಿಯಾರ (ಮಿಡಿತ ಕೊಡುವ ಸರ್ಕ್ಯೂಟ್) ಇರುವವರೆಗೆ ಇದು ತಪ್ಪುವುದಿಲ್ಲ.

ಎಲ್‌ಎಂ-1ರಲ್ಲಿ ಒಂದೊಂದು ಡ್ರಮ್ಮಿನ ಶ್ರುತಿಯನ್ನೂ, ಅಂದರೆ ಸದ್ದು ಓಡುವ ವೇಗವನ್ನೂ, ಬೇರೆಬೇರೆಯಾಗಿ ತಿರುಗಿಸಬಹುದು. ಪರಿಹಾರ ಹೊಳೆದದ್ದು ಅಲ್ಲಿಂದಲೇ. ಒಂದು 74ಎಚ್‌ಸಿ14 ಚಿಪ್, ಒಂದು ಪಾಟ್ (ತಿರುಗಿಸಿ ರೋಧ ಬದಲಿಸುವ ಭಾಗ), ಒಂದು ಕೆಪಾಸಿಟರ್ ಸೇರಿಸಿ ಹೈ-ಹ್ಯಾಟಿಗೆ ಅಂತಲೇ ಬೇರೆ ಗಡಿಯಾರ ಕೊಟ್ಟೆ. ಪಿಕೋ ಅದರ ಮಿಡಿತ ಎಣಿಸುತ್ತಾ ಲೂಪಿನೊಳಗೆ ಹೆಜ್ಜೆ ಹಾಕುತ್ತದೆ. ಕೆಪಾಸಿಟರ್ ಮಾತ್ರ ಅಗ್ಗದ ಸೆರಾಮಿಕ್ ಇರಲಿ! ಬಿಸಿಗೆ ಅದರ ಅಳತೆ ಅಲುಗಾಡುತ್ತದೆ ಅಂತ ಎಲ್ಲರೂ ಬೈಯುತ್ತಾರೆ. ಇಲ್ಲಿ ಬೇಕಾದದ್ದೇ ಆ ಅಲುಗಾಟ.

'ಕಂಡೆನ್ಸೇಟ್'ನ 'ಸ್ಟ್ರಾಬೆರಿ ಲೇಕ್' ಹಾಡಿನ ಜೊತೆ ಓಡಿಸಿದೆ. ಹೊಡೆತಗಳ ನಡುವೆ ಆ ಸಣ್ಣ ಸಣ್ಣ ವ್ಯತ್ಯಾಸ ಕೇಳುತ್ತಲೇ ಎದ್ದು ಕುಣಿಯುವ ಹಾಗಾಯಿತು. ನಿಜವಾಗಿ ಕುಣಿದೆ ಕೂಡ.

ಅಂದ ಹಾಗೆ, ಮುಂದಿನದು ಆಗಲೇ ತಲೆಗೆ ಹತ್ತಿದೆ. ಲಂಡನ್ನಿನ ಸಿಮಾಂಡೆ, ಕೆರಿಬಿಯನ್ ಮೂಲದವರ ಬ್ಯಾಂಡ್. 70ರ ದಶಕದಲ್ಲೇ ಚದುರಿಹೋಗಿ, 2015ರಲ್ಲಿ 'ಎ ಸಿಂಪಲ್ ಆ್ಯಕ್ಟ್ ಆಫ್ ಫೇತ್' ಆಲ್ಬಂ ಮಾಡಿದರು. ಅದನ್ನೂ ಕೇಳಿದವರು ಕಡಿಮೆ. ಅದರಲ್ಲಿ ಕಾಂಗಾ (ಅಂಗೈಯಿಂದ ಬಾರಿಸುವ ಡ್ರಮ್) ನುಡಿಸಿದ್ದನ್ನೆಲ್ಲ ಬರೆದಿಡಬೇಕು. ಅಲ್ಲಿ ಯಂತ್ರ ನಡೆಯುವುದಿಲ್ಲ, ಮನುಷ್ಯನ ಅಂಗೈಯೇ ಬೇಕು. ಕಾಂಗಾ ನುಡಿಸುವ ಗೆಳೆಯನಿಗೆ ಆಗಲೇ ಹೇಳಿಟ್ಟಿದ್ದೇನೆ.

ಅದಕ್ಕೂ ಮೊದಲು ಈ ಪೆಟ್ಟಿಗೆಗೆ ಡಿಕೇ ನಾಬ್, ಅಂದರೆ ಸದ್ದು ಎಷ್ಟು ಬೇಗ ಆರಬೇಕು ಅಂತ ತಿರುಗಿಸುವ ಗುಬ್ಬಿ, ಆಗಬೇಕು. ತೆರೆದ ಹೈ-ಹ್ಯಾಟ್ ಈಗ ಜೆಸ್ಸಿಯ ಗಿಟಾರ್ ಮೇಲೆ ಹರಡಿಕೊಳ್ಳುತ್ತಿದೆ. 100 ಕಿಲೋ ಓಮ್ ಲಾಗ್ ಪಾಟ್ (ರೋಧ ಮೊದಲು ನಿಧಾನ, ಆಮೇಲೆ ಜೋರಾಗಿ ಏರುವಂಥದ್ದು) ಕೇಳಿದರೆ, ಅಂಗಡಿಯವರು ಸಮವಾಗಿ ಏರುವ ಲೀನಿಯರ್ ಪಾಟನ್ನೇ ಲಾಗ್ ಅಂತ ಕೊಡುತ್ತಾರೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಮೀಟರ್ ಹಿಡಿದು ನೋಡಿದ ಅಸಲಿ ಲಾಗ್ ಪಾಟ್ ಒಂದಿದ್ದರೆ ಹೇಳಿ, ಬಂದು ತಗೊಂಡು ಹೋಗುತ್ತೇನೆ.