ಎದ್ದು ನಿಲ್ಲದ ಅಜ್ಜಿ

ನಮ್ಮ ಬಸ್ಸಿನಲ್ಲಿ ಬೆಳಿಗ್ಗೆ ಹತ್ತು ಗಂಟೆಯವರೆಗೆ ಯಾರೂ ಮಾತನಾಡುವುದಿಲ್ಲ. ಹಾಗೆಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಹಿಂದಿನ ರಾತ್ರಿ ಕಛೇರಿ ಮುಗಿದು, ವಾದ್ಯ ಒರೆಸಿ ಪೆಟ್ಟಿಗೆಗಿಟ್ಟು, ಹೋಟೆಲಿನ ಕೋಣೆ ಸೇರುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಮತ್ತೆ ಬಸ್ಸು. ತುಟಿಗೂ ಉಸಿರಿಗೂ ನಿಜವಾದ ಬಿಡುವು ಸಿಗುವುದು ಆ ಎರಡು ಗಂಟೆಗಳಲ್ಲಿ. ಪ್ರವಾಸದ ಮೊದಲ ದಿನ ಯಾರು ಎಲ್ಲಿ ಕುಳಿತರೋ ಕೊನೆಯ ದಿನದವರೆಗೂ ಅದು ಅವರದೇ ಜಾಗ. ನನ್ನದು ಎಡಬದಿಯ ಕಿಟಕಿ, ಹಿಂದಿನಿಂದ ಐದನೆಯ ಸಾಲು. ಮುಂದಿನ ಸೀಟಿನಲ್ಲಿ ಟ್ಯೂಬಾ ನುಡಿಸುವವರು ಕುತ್ತಿಗೆಗೆ ದಿಂಬು ಸಿಕ್ಕಿಸಿಕೊಂಡು ನಿದ್ದೆ ಹೋಗುತ್ತಾರೆ. ನಾನು ಹೊರಗೆ ನೋಡುತ್ತೇನೆ.

ಈ ಸಲ ಹೊರಗೆ ಕಂಡದ್ದು ನೆಬ್ರಾಸ್ಕಾ. ಮಾರ್ಚ್ ತಿಂಗಳು. ಪ್ಲ್ಯಾಟ್ ನದಿಯ ಜೊತೆಜೊತೆಗೇ ಸಾಗುವ ಹೆದ್ದಾರಿ, ಎರಡೂ ಕಡೆ ಹೋದ ವರ್ಷದ ಮುಸುಕಿನ ಜೋಳದ ಕೂಳೆ, ಆ ಕೂಳೆಯ ನಡುವೆ ಬೂದುಬಣ್ಣದ ಕ್ರೌಂಚಗಳು. ಕಿಯರ್ನಿ ಎಂಬ ಊರಿನ ಸುತ್ತಮುತ್ತ ಈ ತಿಂಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಸ್ಯಾಂಡ್‌ಹಿಲ್ ಕ್ರೌಂಚಗಳು ಇಳಿದು, ಉದುರಿದ ಕಾಳು ತಿಂದು ಮೈತುಂಬಿಕೊಂಡು ಉತ್ತರಕ್ಕೆ ಹಾರುತ್ತವೆ. ಚಿಕ್ಕಂದಿನಲ್ಲಿ ಕೊಕ್ಕರೆಬೆಳ್ಳೂರಿಗೆ ಹೋಗಿ ಹುಣಸೆಮರದ ಕೆಳಗೆ ಕತ್ತೆತ್ತಿ ನಿಂತಿದ್ದವಳು ನಾನು. ಇಲ್ಲಿ ಕತ್ತೆತ್ತಬೇಕಾಗಿಲ್ಲ, ನೆಲವೇ ಹಕ್ಕಿಯಾಗಿರುತ್ತದೆ.

ನಾನು ಅಮೆರಿಕದ ಸೇನೆಯ ಫೀಲ್ಡ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತೇನೆ. ನಮ್ಮ ನೆಲೆ ಮೇರಿಲ್ಯಾಂಡ್ ರಾಜ್ಯದ ಫೋರ್ಟ್ ಮೀಡ್. ಆದರೆ ವರ್ಷದಲ್ಲಿ ನೂರು ದಿನಗಳ ಆಸುಪಾಸು ನಾವು ಅಲ್ಲಿರುವುದಿಲ್ಲ. ಕನ್ಸರ್ಟ್ ಬ್ಯಾಂಡ್ ಮತ್ತು ಗಾಯಕರ ತಂಡ ಸೇರಿ ಎಂಬತ್ತಕ್ಕೂ ಹೆಚ್ಚು ಜನ, ಎರಡು ಬಸ್ಸು, ವಾದ್ಯ ಮತ್ತು ದೀಪಗಳನ್ನು ಹೊತ್ತ ಲಾರಿ. ಒಂದು ಊರು, ಒಂದು ಕಛೇರಿ, ಮರುದಿನ ಇನ್ನೊಂದು ಊರು.

ಊರಿನಿಂದ ಫೋನು ಮಾಡುವವರು ಎರಡು ಪ್ರಶ್ನೆ ಕೇಳುತ್ತಾರೆ. ಬಂದೂಕು ಹಿಡಿಯುತ್ತೀಯಾ ಎನ್ನುವುದು ಮೊದಲನೆಯದು. ಹಿಡಿದಿದ್ದೇನೆ. ತೆರೆಯ ಹಿಂದೆ ಕುಳಿತು ನುಡಿಸಿ, ಮುಖ ನೋಡದೆ ಕಿವಿಯಿಂದ ಮಾತ್ರ ಅಳೆಯುವ ಪರೀಕ್ಷೆಯಲ್ಲಿ ಆಯ್ಕೆಯಾದ ಮೇಲೂ ಸೇನೆಯ ಹತ್ತು ವಾರಗಳ ಮೂಲ ತರಬೇತಿ ನಮಗೆ ತಪ್ಪುವುದಿಲ್ಲ. ಮಣ್ಣಿನಲ್ಲಿ ತೆವಳಿ, ಗುರಿಯಿಟ್ಟು ಹೊಡೆದು, ಸ್ಟಾಫ್ ಸಾರ್ಜೆಂಟ್ ಆಗಿ ಬಂದು ಬ್ಯಾಂಡಿನ ಕುರ್ಚಿಯಲ್ಲಿ ಕುಳಿತವಳು ನಾನು. ಎರಡನೆಯ ಪ್ರಶ್ನೆ ನೋವಿನದು: ಬ್ಯಾಂಡ್‌ಸೆಟ್ ಬಾರಿಸಲು ಅಷ್ಟು ದೂರ ಹೋಗಬೇಕಿತ್ತೇ?

ಕೇಳಿದವರಿಗೆ ನನ್ನ ತಾತನ ವಿಷಯ ಗೊತ್ತಿಲ್ಲ. ಅವರು ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ಅರಮನೆಯಲ್ಲಿ ಎರಡು ಬ್ಯಾಂಡುಗಳಿದ್ದವು. ಒಂದರಲ್ಲಿ ಪಾಶ್ಚಾತ್ಯ ಸಂಗೀತ, ಇನ್ನೊಂದರಲ್ಲಿ ಅದೇ ಬಗೆಯ ವಾದ್ಯಗಳನ್ನು ಹಿಡಿದು ಕೀರ್ತನೆ. ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಸ್ಯಾಕ್ಸೋಫೋನ್ ಕೇಳಿ ಮನಸೋತದ್ದು ಆ ಅರಮನೆಯ ಬ್ಯಾಂಡಿನಲ್ಲಿಯೇ. ರಾಜರ ಕಾಲ ಮುಗಿದ ಮೇಲೆ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು. ತಾತ ಸಮವಸ್ತ್ರ ಬದಲಾಯಿಸಿದರು, ವಾದ್ಯ ಬದಲಾಯಿಸಲಿಲ್ಲ. ದಸರೆಯ ಸಂಜೆ ಅರಮನೆಯ ಮುಂದೆ ಅವರು ನುಡಿಸುವಾಗ ನಾನು ಅಮ್ಮನ ಸೊಂಟದ ಮೇಲೆ ಕುಳಿತು ಕೇಳಿದ್ದೇನಂತೆ. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿದ್ದರು, ಯಾರದೋ ಬದಲಿಗೆ ಒಂದು ದಿನ ಹೋಗಿದ್ದರು. ನನಗೆ ಹನ್ನೆರಡು ವರ್ಷವಾದಾಗ ಅಪ್ಪನ ಕೆಲಸಕ್ಕಾಗಿ ನಾವು ಓಹಾಯೋಗೆ ಬಂದೆವು. ಇಲ್ಲಿನ ಶಾಲೆಗಳಲ್ಲಿ ಬ್ಯಾಂಡ್ ಎನ್ನುವುದು ಗಣಿತ, ಚರಿತ್ರೆಯಂತೆ ಒಂದು ಪಾಠ. ಮೇಷ್ಟರು ಯಾವ ವಾದ್ಯ ಬೇಕೆಂದು ಕೇಳಿದಾಗ ನಾನು ಯೋಚನೆ ಮಾಡಲೇ ಇಲ್ಲ.

ತಾತ ಹೇಳುತ್ತಿದ್ದ ಒಂದು ಮಾತು ಈ ಪ್ರವಾಸಗಳಲ್ಲಿ ದಿನವೂ ನಿಜವಾಗುತ್ತದೆ: ಮಳೆ ಬರುವುದು ರೀಡಿಗೆ ಮೊದಲೇ ಗೊತ್ತಾಗುತ್ತದೆ. ಕ್ಲಾರಿನೆಟ್ಟಿನ ಬಾಯಿಗೆ ಕಟ್ಟುವ ಆ ಲಾಳದ ಕಡ್ಡಿಯ ಸೀಳು ತುದಿಯಲ್ಲಿ ಕಾಗದದಷ್ಟು ತೆಳ್ಳಗಿರುತ್ತದೆ. ಮೇರಿಲ್ಯಾಂಡಿನ ತೇವದಲ್ಲಿ ಬೆಣ್ಣೆಯಂತೆ ನುಡಿದ ರೀಡು ಪಶ್ಚಿಮದ ಒಣ ಬಯಲಿಗೆ ಬಂದ ಎರಡನೆಯ ದಿನ ಮರದ ಚೂರಾಗುತ್ತದೆ. ಸಮುದ್ರ ಮಟ್ಟದಿಂದ 1,600 ಮೀಟರ್ ಎತ್ತರದ ಡೆನ್ವರ್ ತಲುಪಿದರೆ ಇನ್ನೊಂದು ಬಗೆ. ಹಾಗಾಗಿ ಸಂಜೆ ನಾಲ್ಕಕ್ಕೆ, ವೇದಿಕೆಯ ಹಿಂದೆ, ನಾವು ಕ್ಲಾರಿನೆಟ್ಟಿನವರೆಲ್ಲ ಸಾಲಾಗಿ ಕುಳಿತು ರೀಡುಗಳನ್ನು ಬೆಳಕಿಗೆ ಹಿಡಿದು ನೋಡುತ್ತೇವೆ, ಉಗುರಿನಿಂದ ಸವರುತ್ತೇವೆ, ಸಣ್ಣ ಮರಳುಕಾಗದದಿಂದ ಎರಡು ಸಲ ಉಜ್ಜಿ ಮತ್ತೆ ಊದಿ ನೋಡುತ್ತೇವೆ. ಇಪ್ಪತ್ತು ರೀಡಿನಲ್ಲಿ ಎರಡು ಒಪ್ಪಿದರೆ ಆ ದಿನ ಗೆದ್ದಂತೆ.

ವಾದ್ಯದ್ದೂ ಹಾಗೆಯೇ. ಆಫ್ರಿಕಾದ ಕರಿಮರದಿಂದ ಕಡೆದದ್ದು ಅದು. ಒಳಗೆ ನಮ್ಮ ಬಿಸಿ ಉಸಿರು, ಹೊರಗೆ ಒಣ ಚಳಿ. ಒಳಮೈ ಹಿಗ್ಗುತ್ತದೆ, ಹೊರಮೈ ಬಿಗಿದೇ ಇರುತ್ತದೆ. ಎರಡು ವರ್ಷದ ಹಿಂದೆ ಬಿಸಿಗಾಳಿಯ ಯಂತ್ರ ಕೆಟ್ಟುಹೋಗಿದ್ದ ಒಂದು ಸಭಾಂಗಣದಲ್ಲಿ ನನ್ನ ಕೈಯಲ್ಲಿಯೇ ಸಣ್ಣದೊಂದು ಟಿಕ್ ಎಂಬ ಸದ್ದಾಯಿತು. ಮೇಲಿನ ತುಂಡಿನಲ್ಲಿ, ಟ್ರಿಲ್ ಕೀಲಿಗಳ ತೂತಿನ ಪಕ್ಕ, ಕೂದಲೆಳೆಯಷ್ಟು ಬಿರುಕು. ನಾನು ಅತ್ತದ್ದನ್ನು ಒಪ್ಪಿಕೊಳ್ಳುತ್ತೇನೆ. ಪಕ್ಕದ ಕುರ್ಚಿಯವರು ಮಾತಿಲ್ಲದೆ ತಮ್ಮ ಇನ್ನೊಂದು ವಾದ್ಯವನ್ನು ನನ್ನ ಮಡಿಲಿಗಿಟ್ಟರು. ನನ್ನದನ್ನು ಆಮೇಲೆ ಅಂಟು ತುಂಬಿ ರಿಪೇರಿ ಮಾಡಿಸಿದ್ದಾಯಿತು. ಅಂದಿನಿಂದ ಪೆಟ್ಟಿಗೆಯಲ್ಲಿ ತೇವಕ್ಕಾಗಿ ಕಿತ್ತಳೆ ಸಿಪ್ಪೆಯ ತುಂಡು ಇಟ್ಟುಕೊಳ್ಳುತ್ತೇನೆ. ಇಲ್ಲಿನ ಹಳೆಯ ವಾದಕರ ಉಪಾಯ ಅದು. ಮುಚ್ಚಳ ತೆಗೆದಾಗಲೆಲ್ಲ ಮೈಸೂರಿನ ಮಾರುಕಟ್ಟೆಯಲ್ಲಿ ಕೊಡಗಿನ ಕಿತ್ತಳೆಯ ರಾಶಿಯ ಮುಂದೆ ನಿಂತಂತಾಗುತ್ತದೆ.

ಊಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ದನದ ಸಾಕಣೆಯೇ ಬದುಕಾಗಿರುವ ಸೀಮೆಯಲ್ಲಿ ಸಸ್ಯಾಹಾರಿಗೆ ಬೇಯಿಸಿದ ಆಲೂಗಡ್ಡೆ ಸಿಗುತ್ತದೆ. ಅಮ್ಮ ಕಳಿಸಿದ ಮೆಂತ್ಯದ ಹಿಟ್ಟು, ಚಟ್ನಿಪುಡಿ, ಗಟ್ಟಿ ಅವಲಕ್ಕಿ ನನ್ನ ಸೂಟ್‌ಕೇಸಿನ ಬೂಟುಗಳ ಪಕ್ಕ ಪ್ರಯಾಣ ಮಾಡುತ್ತವೆ. ಮೊಸರಿಗೆ ಮೆಂತ್ಯದ ಹಿಟ್ಟು ಕಲಸಿ ತಿಂದರೆ ಯಾವ ಹೋಟೆಲಿನ ಕೋಣೆಯೂ ಅರ್ಧ ಗಂಟೆ ನಮ್ಮ ಮನೆಯೇ.

ಸೇನೆಗೆ ಇಂತಹದೊಂದು ಅಲೆಮಾರಿ ಬ್ಯಾಂಡು ಏಕೆ ಬೇಕು ಎಂದು ಅಪ್ಪ ಒಮ್ಮೆ ಕೇಳಿದರು. ಇದಕ್ಕೆ ಇಲ್ಲಿ ಹಳೆಯ ಬೇರಿದೆ. ಮೆರೀನ್ ಬ್ಯಾಂಡಿನ ನಿರ್ದೇಶಕರಾಗಿದ್ದ ಜಾನ್ ಫಿಲಿಪ್ ಸೂಸಾ 1891ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ನರ ಒಪ್ಪಿಗೆ ಪಡೆದು ತಮ್ಮ ಬ್ಯಾಂಡನ್ನು ವಾಷಿಂಗ್ಟನ್ನಿನಿಂದ ಹೊರಗೆ, ದೇಶದ ಊರುಗಳಿಗೆ ಕರೆದುಕೊಂಡು ಹೊರಟರು. ಅಧ್ಯಕ್ಷರ ಮುಂದೆ ನುಡಿಸುವ ಬ್ಯಾಂಡು ರೈಲು ಹತ್ತಿ ಜನರ ಮುಂದೆ ಬಂದದ್ದು ಆಗ. ನಮ್ಮ ಬ್ಯಾಂಡು ಹುಟ್ಟಿದ್ದು 1946ರ ಮಾರ್ಚಿನಲ್ಲಿ, ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ನೆಲದ ಮೇಲೆ ಕಾದಾಡಿದ ಸಾಮಾನ್ಯ ಸೈನಿಕನ ಕಥೆಯನ್ನು ಊರೂರಿಗೆ ಒಯ್ಯಬೇಕೆಂದು ಜನರಲ್ ಜೇಕಬ್ ಡೆವರ್ಸ್ ಅದನ್ನು ಕಟ್ಟಿಸಿದರು. ಪ್ರಯಾಣ ನಮಗೆ ಕೆಲಸದ ನಡುವಿನ ತೊಂದರೆಯಲ್ಲ, ಪ್ರಯಾಣಕ್ಕಾಗಿಯೇ ನಾವಿದ್ದೇವೆ. ಟಿಕೆಟಿಗೆ ಹಣವಿಲ್ಲ. ದೊಡ್ಡ ಆರ್ಕೆಸ್ಟ್ರಾ ಎಂದೂ ಕಾಲಿಡದ ಊರಿನ ಪ್ರೌಢಶಾಲೆಯ ಸಭಾಂಗಣದಲ್ಲಿ, ಅದೂ ಇಲ್ಲವಾದರೆ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ, ಮಡಚುವ ಕುರ್ಚಿ ಹಾಕಿಕೊಂಡು ನುಡಿಸುತ್ತೇವೆ. ಆರು ಗಂಟೆಗೇ ಬಂದು ಸಾಲು ನಿಲ್ಲುವ ರೈತರು ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿರುತ್ತಾರೆ. ನಮ್ಮ ಸಮವಸ್ತ್ರಕ್ಕಿಂತ ಆ ಅಂಗಿಗಳೇ ನನಗೆ ಹೆಚ್ಚು ಗೌರವದವಾಗಿ ಕಾಣುತ್ತವೆ.

ಕಛೇರಿಯ ಕೊನೆಯ ಭಾಗದಲ್ಲಿ ಸೇನೆಯ ಪ್ರತಿಯೊಂದು ವಿಭಾಗದ ಹಾಡನ್ನೂ ಒಂದರ ಹಿಂದೊಂದು ಜೋಡಿಸಿ ನುಡಿಸುತ್ತೇವೆ. ತಮ್ಮ ವಿಭಾಗದ ಹಾಡು ಬಂದಾಗ ಅದರಲ್ಲಿ ಸೇವೆ ಮಾಡಿದವರು ಎದ್ದು ನಿಲ್ಲಬೇಕು. ನನಗೆ ಆ ಕೃತಿ ಕಂಠಪಾಠ. ಆದ್ದರಿಂದ ಕಣ್ಣು ಕಾಗದದ ಮೇಲಿರುವುದಿಲ್ಲ, ಸಭೆಯ ಮೇಲಿರುತ್ತದೆ. ನೌಕಾಪಡೆಯ ಹಾಡಿನ ಎರಡನೆಯ ಸಾಲಿಗೆ ಒಬ್ಬರು ಎದ್ದೇಳಲು ಆರಂಭಿಸುತ್ತಾರೆ, ಮೊದಲು ಊರುಗೋಲು, ಆಮೇಲೆ ಹೆಂಡತಿಯ ಭುಜ, ಆಮೇಲೆ ಮುಂದಿನ ಕುರ್ಚಿಯ ಬೆನ್ನು. ಪೂರ್ತಿ ನೆಟ್ಟಗಾಗುವ ಹೊತ್ತಿಗೆ ಹಾಡು ಮುಗಿಯುತ್ತಾ ಬಂದಿರುತ್ತದೆ. ನಮ್ಮ ನಿರ್ದೇಶಕರು ಅದನ್ನು ಕಂಡರೆ ಕೊನೆಯ ಸ್ವರವನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತಾರೆ. ವಿಯೆಟ್ನಾಂ ಯುದ್ಧದಿಂದ ಮರಳಿದಾಗ ಸ್ವಾಗತವೇ ಕಾಣದವರು ಇವರಲ್ಲಿ ಎಷ್ಟೋ ಜನ. ಸಭೆ ಚಪ್ಪಾಳೆ ತಟ್ಟುವಾಗ ಕೆಲವರು ಎಲ್ಲಿ ನೋಡಬೇಕೆಂದು ತಿಳಿಯದೆ ತಮ್ಮ ಟೋಪಿಯನ್ನೇ ನೋಡುತ್ತಾರೆ. ಒಮ್ಮೆ ಕಡೆಯ ಸಾಲಿನಲ್ಲಿ ನನಗಿಂತ ಚಿಕ್ಕವಳೊಬ್ಬಳು ಒಂಟಿಯಾಗಿ ಎದ್ದು ನಿಂತಳು. ಅವಳ ಪಕ್ಕದಲ್ಲಿದ್ದವರು ತಲೆಯೆತ್ತಿ ನೋಡಿದ ರೀತಿಯಿಂದ ಅವರಿಗೆ ಅದು ಗೊತ್ತೇ ಇರಲಿಲ್ಲವೆಂದು ತಿಳಿಯಿತು.

ಈ ಸಲ ನೆಬ್ರಾಸ್ಕಾದ ನಾರ್ತ್ ಪ್ಲ್ಯಾಟ್ ಎಂಬ ಊರಿನಲ್ಲಿ ನನ್ನ ಕಣ್ಣು ಹೋದದ್ದು ಎದ್ದು ನಿಲ್ಲದ ಒಬ್ಬರ ಮೇಲೆ. ಮೂರನೆಯ ಸಾಲಿನ ಅಂಚಿನಲ್ಲಿ ತೊಂಬತ್ತರ ಹತ್ತಿರದ ಅಜ್ಜಿ. ಪ್ರತಿಯೊಂದು ಹಾಡಿಗೂ ಎದ್ದವರ ಕಡೆಗೆ ಇಡೀ ದೇಹವನ್ನೇ ತಿರುಗಿಸಿ, ಕೈಯನ್ನು ಎತ್ತರಕ್ಕೆ ಹಿಡಿದು ಚಪ್ಪಾಳೆ ತಟ್ಟುತ್ತಿದ್ದರು. ಕೊನೆಗೆ ಸೂಸಾ 1896ರಲ್ಲಿ ರಚಿಸಿದ 'ದಿ ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ಫಾರೆವರ್' ನುಡಿಸಿದೆವು. ಪಿಕೊಲೊ ಎಂಬ ಪುಟ್ಟ ಕೊಳಲಿನವರು ವೇದಿಕೆಯ ಅಂಚಿಗೆ ಬಂದು ನಿಂತಾಗ ಸಭೆಯೆಲ್ಲ ಎದ್ದಿತು. ಅಜ್ಜಿಗೆ ಆಗಲೂ ಏಳಲಾಗಲಿಲ್ಲ.

ಆ ಊರಿನ ಕಥೆ ನನಗೆ ಅಷ್ಟಿಷ್ಟು ಗೊತ್ತಿತ್ತು. 1941ರ ಡಿಸೆಂಬರ್ 17ರಂದು, ಪರ್ಲ್ ಹಾರ್ಬರ್ ದಾಳಿಯಾಗಿ ಹತ್ತನೆಯ ದಿನ, ತಮ್ಮ ನೆಬ್ರಾಸ್ಕಾದ ಡಿ ಕಂಪನಿ ಎಂಬ ಸೈನಿಕ ತುಕಡಿಯ ಹುಡುಗರು ರೈಲಿನಲ್ಲಿ ಬರುತ್ತಾರೆಂದು ಜನ ತಿಂಡಿ, ಉಡುಗೊರೆ ಹಿಡಿದು ನಿಲ್ದಾಣದಲ್ಲಿ ಕಾದಿದ್ದರು. ಬಂದದ್ದು ಕನ್ಸಾಸ್ ರಾಜ್ಯದ ಡಿ ಕಂಪನಿ. ಒಂದು ಕ್ಷಣ ಸುಮ್ಮನಿದ್ದು, ತಂದದ್ದನ್ನೆಲ್ಲ ಆ ಅಪರಿಚಿತರಿಗೇ ಕೊಟ್ಟುಬಿಟ್ಟರು. ಅಲ್ಲಿದ್ದ ರೇ ವಿಲ್ಸನ್ ಎಂಬ 26 ವರ್ಷದ ಯುವತಿ, ಇನ್ನು ಬರುವ ಎಲ್ಲ ರೈಲಿಗೂ ಹೀಗೇಕೆ ಮಾಡಬಾರದೆಂದು ಪತ್ರಿಕೆಗೆ ಬರೆದಳು. ಆ ವರ್ಷದ ಕ್ರಿಸ್ಮಸ್ ದಿನ ಶುರುವಾದ ಕ್ಯಾಂಟೀನ್ 1946ರ ಏಪ್ರಿಲ್ 1ರವರೆಗೆ ನಡೆಯಿತು. ಊರಿನ ಜನಸಂಖ್ಯೆ ಸುಮಾರು 12,000. ಉಣಿಸಿದ್ದು ಸುಮಾರು 60 ಲಕ್ಷ ಸೈನಿಕರಿಗೆ. ಉಗಿಬಂಡಿಗೆ ನೀರು ತುಂಬಲು ರೈಲು ನಿಲ್ಲುವ ಹತ್ತು ಹದಿನೈದು ನಿಮಿಷದೊಳಗೆ ಸ್ಯಾಂಡ್‌ವಿಚ್, ಕಾಫಿ, ಹಾಲು. ಆ ದಿನ ಯಾರದಾದರೂ ಹುಟ್ಟುಹಬ್ಬವಿದ್ದರೆ ಅವರಿಗೊಂದು ಕೇಕು. ಸಕ್ಕರೆ, ಕಾಫಿ ರೇಷನ್ನಿನಲ್ಲಿದ್ದ ಕಾಲ ಅದು. ಸುತ್ತಲಿನ ನೂರಕ್ಕೂ ಹೆಚ್ಚು ಊರುಗಳವರು ಸರದಿಯ ಮೇಲೆ ಬಂದು ದುಡಿದರು. ನಮ್ಮ ಕಡೆಯ ದಾಸೋಹ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಲ್ದಾಣದ ಕಟ್ಟಡ ಈಗಿಲ್ಲ, 1973ರಲ್ಲಿ ಕೆಡವಿದರು.

ಕಛೇರಿಯ ನಂತರ ನಾವು ಬಾಗಿಲ ಬಳಿ ನಿಂತು ಜನರನ್ನು ಮಾತನಾಡಿಸುತ್ತೇವೆ. ಅಜ್ಜಿ ಮಗಳ ತೋಳು ಹಿಡಿದು ನನ್ನ ಮುಂದೆಯೇ ಬಂದು ನಿಂತರು. ಕ್ಯಾಂಟೀನಿಗೆ ಬಂದಿದ್ದಿರಾ ಎಂದು ಕೇಳಿದೆ.

"ನಮ್ಮದು ಹಳ್ಳಿ. ನಮ್ಮ ಸರದಿಯ ದಿನ ಅಮ್ಮನ ಜೊತೆ ಬರುತ್ತಿದ್ದೆ. ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವುದು ನನ್ನ ಕೆಲಸ" ಎಂದರು. "ಮೇಜು ನನ್ನ ತಲೆಗಿಂತ ಎತ್ತರವಿತ್ತು. ಹುಡುಗರ ಮುಖ ಒಂದೂ ನೆನಪಿಲ್ಲ. ಕೈಗಳು ನೆನಪಿವೆ. ಎಷ್ಟೊಂದು ಕೈಗಳು!"

ಅಷ್ಟು ಹೇಳಿ ನನ್ನ ಕೈಯನ್ನು ತಿರುಗಿಸಿ ನೋಡಿದರು. ಬಲಗೈ ಹೆಬ್ಬೆರಳಿನ ಗಿಣ್ಣಿನ ಬಳಿ ಕ್ಲಾರಿನೆಟ್ಟಿನ ಭಾರ ಹೊತ್ತು ಹೊತ್ತು ಗಟ್ಟಿಯಾದ ಚರ್ಮದ ಮೇಲೆ ಬೆರಳಾಡಿಸಿದರು. ತಾತನ ಕೈಯಲ್ಲಿಯೂ ಅದೇ ಜಾಗದಲ್ಲಿ ಅದೇ ಗಂಟಿತ್ತು. ಮಗುವಾಗಿದ್ದಾಗ ನಾನೂ ಹೀಗೆಯೇ ಅದನ್ನು ಒತ್ತಿ ಒತ್ತಿ ನೋಡುತ್ತಿದ್ದೆ. ಆಮೇಲೆ ಅಜ್ಜಿ ಕೇಳಿದರು: "ಊಟವಾಯಿತೇ? ಒಟ್ಟು ಎಷ್ಟು ಜನ ಇದ್ದೀರಿ? ಎಲ್ಲರೂ ಮೊಟ್ಟೆ ತಿನ್ನುತ್ತೀರಾ?" ಎಂಬತ್ತಕ್ಕೂ ಹೆಚ್ಚು ಜನ, ನಾನೊಬ್ಬಳು ತಿನ್ನುವುದಿಲ್ಲ ಎಂದೆ. ಅದನ್ನು ಮಾತಿಗೆ ಕೇಳಿದ ಪ್ರಶ್ನೆ ಎಂದುಕೊಂಡು ಹೋಗಿ ಮಲಗಿದೆ.

ಬೆಳಿಗ್ಗೆ ಏಳೂಮುಕ್ಕಾಲಿಗೆ ಹೋಟೆಲಿನ ಮುಂದೆ ಒಂದು ಪಿಕಪ್ ವಾಹನ ಬಂದು ನಿಂತಿತು. ಅಜ್ಜಿ ಒಳಗೇ ಕುಳಿತಿದ್ದರು. ಮಗಳು ಮತ್ತು ಅವರ ಚರ್ಚಿನ ಮೂವರು ಹೆಂಗಸರು ನಾಲ್ಕು ರಟ್ಟಿನ ಪೆಟ್ಟಿಗೆಗಳನ್ನು ಇಳಿಸಿ ಎರಡೂ ಬಸ್ಸುಗಳಿಗೆ ಹಂಚಿದರು. ಮೇಣದ ಕಾಗದದಲ್ಲಿ ಸುತ್ತಿದ ಮೊಟ್ಟೆಯ ಸ್ಯಾಂಡ್‌ವಿಚ್‌ಗಳು, ಇನ್ನೂ ಬೆಚ್ಚಗಿದ್ದವು. ನಮ್ಮ ಬಸ್ಸಿನ ಪೆಟ್ಟಿಗೆಯ ಮೇಲೆ ಒಂದು ಪೊಟ್ಟಣ ಮಾತ್ರ ಬೇರೆಯಾಗಿತ್ತು, ಅದರ ಮೇಲೆ ಪೆನ್ಸಿಲಿನಲ್ಲಿ ಕ್ಲಾರಿನೆಟ್ ಎಂದು ಬರೆದಿತ್ತು. ನಾವು ಪಶ್ಚಿಮಕ್ಕೆ, ಸ್ಕಾಟ್ಸ್‌ಬ್ಲಫ್ ಕಡೆಗೆ ಹೊರಟೆವು. ಒಗಲಾಲ ಎಂಬ ಊರಿಗೆ ಮುಂಚೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಪೊಟ್ಟಣ ಬಿಚ್ಚಿದೆ: ಕಡಲೆಕಾಯಿ ಬೆಣ್ಣೆ, ಮನೆಯಲ್ಲೇ ಮಾಡಿದ ಪ್ಲಮ್ ಜಾಮ್. ಮುಂದಿನ ಸೀಟಿನ ಟ್ಯೂಬಾದವರು ದಿಂಬು ತೆಗೆದು ಹಿಂದಕ್ಕೆ ತಿರುಗಿ, ನಿನ್ನದರಲ್ಲಿ ಏನಿದೆ ಎಂದು ಕೇಳಿದರು. ಹೊಸ ಗಡಿಯಾರದಲ್ಲಿ ಆಗಿನ್ನೂ ಎಂಟು ಗಂಟೆ.