ಅಂಗಳದಲ್ಲಿ ನಿಂತು ‘ಓಡಿ’ ಅನ್ನಿ

ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳಲ್ಲಿ ಬಾಗಿಲು ತಟ್ಟುವ ರೂಢಿ ಇಲ್ಲ. ಅಂಗಳದಲ್ಲೇ ನಿಂತು ‘ಓಡಿ!’ ಎಂದು ಕೂಗಬೇಕು. ಕನ್ನಡದವರಿಗೆ ನಗು ಬಂದೀತು. ಅಲ್ಲಿ ಅದರರ್ಥ ‘ಒಳಗೆ ಬರಲೇ?’ ಅಂತ. ‘ಓಡಿನಿ’ ಎಂಬ ಉತ್ತರ ಬಂದ ಮೇಲೆ ಕಾಲಿಡಿ.

ಇಲ್ಲಿಂದ ಚರ್ಚಿನ ಸೇವೆಗೆಂದು ಹೋಗುವ ಮಿಷನ್ ತಂಡಗಳು ಹೆಚ್ಚಾಗಿ ಎಡವುವುದು ಮೊದಲ ಅರ್ಧ ಗಂಟೆಯಲ್ಲೇ. ಜೀಪಿನಿಂದ ಇಳಿದವರೇ ಮಕ್ಕಳ ಫೋಟೊ ತೆಗೆದು, ಮಿಠಾಯಿ ಹಂಚಿ, ಚರ್ಚು ನೋಡಿಕೊಂಡು, ಕೊನೆಗೆ ಊರ ಮುಖ್ಯಸ್ಥರ ಮನೆಗೆ ಹೋಗುತ್ತಾರೆ. ಮೊದಲು ಹೋಗಬೇಕಾದದ್ದೇ ಅಲ್ಲಿಗೆ. ಮಿಠಾಯಿ ಚೀಲವನ್ನಂತೂ ಬಿಚ್ಚಲೇಬೇಡಿ. ನೂಕುನುಗ್ಗಲಾಗಿ ಸಣ್ಣ ಮಕ್ಕಳು ಬೀಳುತ್ತವೆ. ತಂದದ್ದನ್ನು ಚರ್ಚಿನ ಹಿರಿಯರ ಕೈಗೆ ಕೊಡಿ.

ಅಲ್ಲಿನ ಭಾಷೆ ಚಿಚೆವಾದಲ್ಲಿ ‘ಮುಲಿ ಬ್ವಾಂಜಿ?’ ಅಂದರೆ ಹೇಗಿದ್ದೀರಿ. ‘ಉಲಿ ಬ್ವಾಂಜಿ’ ಮಕ್ಕಳಿಗೆ, ಗೆಳೆಯರಿಗೆ ಮಾತ್ರ. ಹಿರಿಯರಿಗೆ ಹಾಗಂದರೆ ಗುರುತಿಲ್ಲದ ಅಜ್ಜನನ್ನು ‘ನೀನು’ ಅಂದಂತೆ. ನಿಮ್ಮನ್ನು ಕೇಳಿದರೆ ‘ನ್ದಿಲಿ ಬ್ವಿನೊ, ಕಾಯಾ ಇನು?’ ಎಂದು ಅವರನ್ನೂ ವಿಚಾರಿಸಿ. ಇದು ಮುಗಿಯುವ ತನಕ ಬಂದ ಕೆಲಸದ ಮಾತು ಎತ್ತಬಾರದು. ಹೆಂಗಸರು ಪ್ಯಾಂಟಿನ ಮೇಲಾದರೂ ಸರಿ, 2 ಮೀಟರ್‌ನ ಚಿತೆಂಜೆ ಬಟ್ಟೆ ಸುತ್ತಿಕೊಳ್ಳುವುದು ವಾಸಿ.

ಊಟಕ್ಕೆ ನ್ಸಿಮಾ. ಮೆಕ್ಕೆಜೋಳದ ಹಿಟ್ಟನ್ನು ಮೊದಲು ತೆಳು ಗಂಜಿ ಮಾಡಿ, ಅದು ಕುದಿಯುವಾಗ ಇನ್ನಷ್ಟು ಹಿಟ್ಟು ಉದುರಿಸುತ್ತ ಮರದ ಹುಟ್ಟಿನಿಂದ ತಿರುವುತ್ತಾರೆ. ಮುದ್ದೆ ಉಂಡು ಬೆಳೆದವರಿಗೆ ಹೊಸದೇನಲ್ಲ. ಜಗ್ಗಿನಿಂದ ಹುಯ್ಯುವ ನೀರಿನಲ್ಲಿ ಕೈ ತೊಳೆದು, ಬಲಗೈಯಲ್ಲಿ ತುಂಡು ಮುರಿದು ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಗುಳಿ ಮಾಡಿ ಸೊಪ್ಪನ್ನೋ ಬೀನ್ಸನ್ನೋ ಅದರಲ್ಲಿ ಎತ್ತಿಕೊಳ್ಳಿ. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿರಬೇಕು. ಕೋಳಿ ಕುಯ್ದ ಮೇಲೆ ಹೇಳಿದರೆ ಮನೆಯವರ ಮುಖ ನೋಡಲಾಗುವುದಿಲ್ಲ.

ಚರ್ಚಿನಲ್ಲಿ ಮಾಡುವ ಪ್ರಸಂಗವನ್ನು, ಅಂದರೆ ಉಪದೇಶವನ್ನು, ಅರ್ಧಕ್ಕೆ ಇಳಿಸಿ. 20 ನಿಮಿಷದ ಮಾತು ಅನುವಾದ ಸೇರಿ 40 ಆಗುತ್ತದೆ. ಒಂದೊಂದೇ ವಾಕ್ಯ ಹೇಳಿ ನಿಲ್ಲಿಸಿ. ಅರ್ಧ ವಾಕ್ಯಕ್ಕೆ ನಿಲ್ಲಿಸಿದರೆ ಅನುವಾದಕರು ಉಳಿದರ್ಧವನ್ನು ಊಹಿಸಬೇಕಾಗುತ್ತದೆ. ಚಿಚೆವಾದಲ್ಲಿ ರ, ಲ ಬೇರೆ ಬೇರೆ ಅಲ್ಲ, ‘ರವಿ’ಯನ್ನು ‘ಲವಿ’ ಅಂದರೆ ತಿದ್ದಲು ಹೋಗಬೇಡಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ, ಮಣ್ಣುರಸ್ತೆ ಕೆಸರು. ಮಲೇರಿಯಾ ಬರದಂತೆ ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರೆ ಊರಿಗೆ ಮರಳಿದ ಮೇಲೂ 4 ವಾರ ನುಂಗಬೇಕು. ಕೆಲವರು ವಿಮಾನ ಇಳಿದ ದಿನವೇ ಬಿಡುತ್ತಾರೆ.

ಹೊರಡುವಾಗ ಯಾರಾದರೂ ಜೀವಂತ ಕೋಳಿಯನ್ನೇ ಉಡುಗೊರೆ ಕೊಡಬಹುದು. ಬೇಡವೆನ್ನದೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಜೀಪಿನಲ್ಲಿ ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಂದು ಇರಲಿ.